ಕೆಂಪು ಪರದೆ ಬಂದರೆ ಮುದ್ರೆ ನೋಡಿ

ಮಹಿಳಾ ಹುಣಸೆ ಸಂಘದ ಗುಬ್ಬಿ ಆಫೀಸಿನಲ್ಲಿ ಅವತ್ತು ಬೆಳಗ್ಗೆಯೇ ಕಂಪ್ಯೂಟರ್ ಮುನಿಸಿಕೊಂಡು ಕೂತಿತ್ತು. ಯಾವ ವೆಬ್‌ಸೈಟ್ ತೆರೆದರೂ ಅದೇ ಕೆಂಪು ಎಚ್ಚರಿಕೆ: ಈ ಸಂಪರ್ಕ ಸುರಕ್ಷಿತವಲ್ಲ, ಸರ್ಟಿಫಿಕೇಟ್ ಸರಿಯಿಲ್ಲ. ಹಾಸ್ಟೆಲ್‌ಗಳಿಗೆ ಹುಣಸೆಹಣ್ಣು ಕೊಡುವ ಟೆಂಡರ್ ಹಾಕಲು ಅವತ್ತು ಸಂಜೆಯೇ ಕಡೆ. ತಪ್ಪಿದರೆ ಇಡೀ ವರ್ಷದ ಆರ್ಡರ್ ಹೋಯಿತು, ಹುಣಸೆ ಬಡಿದು ಬೀಜ ಬಿಡಿಸುವ ಹೆಂಗಸರೆಲ್ಲ ಕೈಕಟ್ಟಿ ಕೂರಬೇಕು.

ಸಂಘದ ಅಧ್ಯಕ್ಷೆ ಕರಿಬಸಮ್ಮನ ವಿಷಯ ಒಂದು ಮಾತು ಹೇಳಿಬಿಡಬೇಕು. ಹುಣಸೆಯ ವಿಚಾರದಲ್ಲಿ ಅವರ ಕಣ್ಣಿಗೆ ಮಣ್ಣೆರಚಿದವರು ಸುತ್ತಮುತ್ತ ಯಾರೂ ಇಲ್ಲ. ಚೇಳೂರಿನಿಂದ ಬರಲಿ, ಬೆಳ್ಳಾವಿಯಿಂದ ಬರಲಿ, ಮೂಟೆಯ ಹೊಲಿಗೆ ಬಿಚ್ಚಿ, ಮೊಣಕೈವರೆಗೂ ಕೈ ಇಳಿಸಿ, ಬೀಜ ಕಲ್ಲು ಇದೆಯೇ ಎಂದು ನೋಡುತ್ತಾರೆ. ಆಮೇಲೆ ದಬ್ಬಳ ಹಿಡಿದು ತಾವೇ ಹೊಲಿದು ಸಂಘದ ಮುದ್ರೆ ಕಟ್ಟುತ್ತಾರೆ. ಆ ಮುದ್ರೆ ಕಂಡರೆ ತುಮಕೂರಿನ ಸಾಹುಕಾರರು ಮೂಟೆ ಬಿಚ್ಚಿ ನೋಡುವ ಗೋಜಿಗೇ ಹೋಗುವುದಿಲ್ಲ. ಕರಿಬಸಮ್ಮನಿಗೆ ಅದರ ಹೆಮ್ಮೆ ಇದೆ, ಇರಬೇಕಾದ ಹೆಮ್ಮೆಯೇ ಅದು.

ಆದರೆ ಕಂಪ್ಯೂಟರ್ ಮುಂದೆ ಅವರ ತಾಳ್ಮೆ ಕೆಟ್ಟಿತು.

“ಕಾವ್ಯ, ಕೆಳಗೆ ‘ಆದರೂ ಮುಂದುವರಿಯಿರಿ’ ಅಂತ ಐತಲ್ಲ, ಒತ್ತಿ ಬುಡು. ಹೊತ್ತು ಹೋಯ್ತದೆ.”

ಆಫೀಸಿನ ಕೆಲಸ ನೋಡುವ ಕಾವ್ಯ ಮೌಸಿನಿಂದ ಕೈ ತೆಗೆದಳು. “ಒತ್ತಬೇಡಿ ಅಂತ ಮಾಲಿನಿ ಮೇಡಂ ಹೇಳವ್ರೆ ಅಕ್ಕ. ಪಾಸ್‌ವರ್ಡ್ ಹಾಕೋ ಜಾಗ ಇದು.”

ಮಾಲಿನಿ ಸಂಘದ ತುಮಕೂರು ಮುಖ್ಯ ಕಚೇರಿಯವಳು. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯ ಕಂಪ್ಯೂಟರ್‌ಗಳು ಅವಳ ಹೊಣೆ. ಹೋದ ವರ್ಷ ಕುಣಿಗಲ್ ಶಾಖೆಗೆ ವೈರಸ್ ನುಗ್ಗಿದ ಮೇಲೆ ಇಂಟರ್ನೆಟ್ಟಿನಲ್ಲಿ ಬರುವುದು ಹೋಗುವುದನ್ನೆಲ್ಲ ತಪಾಸಣೆ ಮಾಡುವ ಫೈರ್‌ವಾಲ್ ಎಂಬ ಪೆಟ್ಟಿಗೆಯನ್ನು ಎಲ್ಲ ಕಡೆ ಹಾಕಿಸಿದವಳೂ ಅವಳೇ. ಕಾವ್ಯ ಫೋನ್ ಮಾಡಿದ್ದಕ್ಕೆ ಮುಂದಿನ ಬಸ್ಸಿಗೇ ಬಂದಿಳಿದಳು.

“ಎಲ್ಲಾ ನಿನ್ ಡಬ್ಬದ ಕಿತಾಪತಿ ಕಣವ್ವ,” ಕರಿಬಸಮ್ಮ ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡರು. “ಕಿತ್ತು ಬಿಸಾಕು ಅದನ್ನ. ಬರೋದು ಹೋಗೋದನ್ನೆಲ್ಲ ಅದ್ಯಾಕೆ ಬಿಚ್ಚಿ ನೋಡ್ಬೇಕು?”

“ನೀವು ಮೂಟೆ ಯಾಕಕ್ಕ ಬಿಚ್ಚಿ ನೋಡ್ತೀರ?”

“ಒಳಗೆ ಕಲ್ಲೈತೋ ಹುಳ ಐತೋ, ಹೊರಗಿಂದ ಕಾಣ್ತದಾ?”

“ಇಂಟರ್ನೆಟ್ಟಲ್ಲಿ ಬರೋದೂ ಹೊಲಿದ ಮೂಟೆನೇ. ಒಳಗೆ ವೈರಸ್ ಇದ್ಯಾ ಅಂತ ಪೆಟ್ಟಿಗೆ ಬಿಚ್ಚಿ ನೋಡಿ, ಮತ್ತೆ ಹೊಲಿದು, ತನ್ನ ಮುದ್ರೆ ಹಾಕುತ್ತೆ. ಆ ಮುದ್ರೆನೇ ಸರ್ಟಿಫಿಕೇಟ್. ಬ್ಯಾಂಕಿನ ಮೂಟೆ ಮಾತ್ರ ಬಿಚ್ಚಬೇಡ ಅಂತ ಹೇಳಿಟ್ಟಿದೀನಿ.”

ಕರಿಬಸಮ್ಮ ಬಗ್ಗಿ ಕೆಂಪು ಪರದೆ ನೋಡಿದರು. “ಅಂದ್ರೆ ಈ ಕಂಪ್ಯೂಟರ್‌ಗೆ ನಮ್ ಮುದ್ರೆ ಗುರುತಿಲ್ಲ. ಅದಕ್ಕೇ ಮೂಟೆ ಬ್ಯಾಡ ಅಂತೈತೆ.”

“ಹಂಗೇ ಇರ್ಬೇಕು. ನೋಡೇಬಿಡಣ.”

ಮಾಲಿನಿ ಮೊದಲು ಕಂಪ್ಯೂಟರಿನ ತಾರೀಖು ನೋಡಿದಳು. ತಾರೀಖು ತಪ್ಪಿದ್ದರೂ ಇದೇ ಕೆಂಪು ಬರುತ್ತದೆ, ಆದರೆ ಅದು ಸರಿಯಾಗಿತ್ತು. ಆಮೇಲೆ ಸರ್ಟಿಫಿಕೇಟ್ ತೆರೆದು, ಕೊಟ್ಟವರು ಯಾರು ಎಂದು ಓದಿದಳು. ಸಂಘದ ಪೆಟ್ಟಿಗೆಯ ಹೆಸರೇ ಇತ್ತು. ಹಳೆಯ ಮುದ್ರೆಯ ಅವಧಿ ಮುಗಿಯುತ್ತದೆಂದು ಹಿಂದಿನ ಸಂಜೆ ಅವಳು ಹೊಸದು ಮಾಡಿ ಎಲ್ಲ ಕಂಪ್ಯೂಟರ್‌ಗೂ ಕಳಿಸಿದ್ದಳು. ಗುಬ್ಬಿಯದಕ್ಕೆ ಮಾತ್ರ ತಲುಪಿರಲಿಲ್ಲ.

“ನೆನ್ನೆ ಸಂಜೆ ಇದು ಆನ್ ಇರ್ಲಿಲ್ವಾ?”

ಕಾವ್ಯ ಕರಿಬಸಮ್ಮನ ಮುಖ ನೋಡಿದಳು. ಮನೆಗೆ ಹೊರಡುವಾಗ ಮೇನ್ ಸ್ವಿಚ್ಚನ್ನೇ ಇಳಿಸಿ ಬೀಗ ಹಾಕುವುದು ಅವರ ರೂಢಿ.

“ನಾನೇ ಆರಿಸ್ದೆ ಕಣವ್ವ. ಕರೆಂಟ್ ದಂಡ ಅಲ್ವಾ,” ಎಂದು ಕರಿಬಸಮ್ಮ ನಕ್ಕುಬಿಟ್ಟರು.

“ಆರಿಸಿದ್ರಲ್ಲಿ ತಪ್ಪಿಲ್ಲಕ್ಕ. ಬೆಳಗ್ಗೆ ನಾನು ಇನ್ನೊಂದ್ಸಲ ಕಳಿಸ್ಬೇಕಿತ್ತು.”

ಹೊಸ ಮುದ್ರೆಯನ್ನು ಮಾಲಿನಿ ಕಂಪ್ಯೂಟರಿನ ನಂಬಿಕೆಯ ಪಟ್ಟಿಗೆ ಸೇರಿಸಿದಳು. ಒಂದು ಬ್ರೌಸರ್ ಸರಿಹೋಯಿತು, ಇನ್ನೊಂದು ಕೆಂಪಾಗೇ ಇತ್ತು. ಅದು ತನ್ನದೇ ಬೇರೆ ಪಟ್ಟಿ ಇಟ್ಟುಕೊಳ್ಳುವಂಥದ್ದು. ಅಲ್ಲಿಯೂ ಸೇರಿಸಿದ ಮೇಲೆ ಕೆಂಪು ಹೋಯಿತು, ಕಾವ್ಯ ಹೊತ್ತಿಗೆ ಮುಂಚೆಯೇ ಟೆಂಡರ್ ಹಾಕಿದಳು.

“ಇನ್ನೊಂದು ಮಾತು,” ಹೊರಡುವಾಗ ಮಾಲಿನಿ ಹೇಳಿದಳು. “ಎದುರಿನವರ ಮುದ್ರೆನೇ ಖೋಟಾ ಆಗಿದ್ರೆ ನಮ್ಮ ಪೆಟ್ಟಿಗೆ ‘ನಂಬಬೇಡಿ’ ಅಂತ ಬೇರೆ ಮುದ್ರೆ ಹಾಕುತ್ತೆ. ಅದನ್ನ ಯಾವತ್ತೂ ಪಟ್ಟಿಗೆ ಸೇರಿಸ್ಬಾರ್ದು.”

ಮುಂದಿನ ವಾರ ಒಂದು ಮೇಲ್ ಬಂತು: ನಿಮ್ಮ ಟೆಂಡರ್ ಒಪ್ಪಿಗೆಯಾಗಿದೆ, ಇಲ್ಲಿ ಒತ್ತಿ ಲಾಗಿನ್ ಆಗಿ. ಹುಣಸೆ ಬಡಿಯುತ್ತಿದ್ದ ಹೆಂಗಸರೆಲ್ಲ ಎದ್ದು ಬಂದು ಕಂಪ್ಯೂಟರ್ ಸುತ್ತ ನಿಂತರು. ಕಾವ್ಯ ಒತ್ತಿದಳು. ಮತ್ತೆ ಕೆಂಪು.

“ಮುಂದಕ್ಕೆ ಹೋಗೇ, ನಮ್ದೇ ಟೆಂಡರ್ ಅಲ್ವಾ,” ಎಂದು ಎಲ್ಲರೂ ಅವಸರ ಮಾಡಿದರು. ಖುಷಿಯಲ್ಲಿ ಕಾವ್ಯಳ ಕೈಯೂ ಮುಂದೆ ಹೋಯಿತು. ಕರಿಬಸಮ್ಮ ಆ ಕೈ ಹಿಡಿದರು.

“ತಡಿ. ಮುದ್ರೆ ಯಾರ್ದು ನೋಡು.”

ಕಾವ್ಯ ತೆರೆದು ಓದಿದಳು: ‘ನಂಬಬೇಡಿ’.

ಮಾಲಿನಿಗೆ ಫೋನ್ ಹೋಯಿತು. ಅವಳು ಅಲ್ಲಿಂದಲೇ ನೋಡಿ, ಅದು ಟೆಂಡರ್ ಸೈಟಿನಂತೆಯೇ ಕಾಣುವ ಖೋಟಾ ಸೈಟ್ ಎಂದಳು. ಪಾಸ್‌ವರ್ಡ್ ಹಾಕಿದ್ದರೆ ಸಂಘದ ಟೆಂಡರ್ ಖಾತೆ ಕಳ್ಳರ ಕೈಗೆ ಹೋಗುತ್ತಿತ್ತು. “ಈ ಸಲ ಸಂಘ ಉಳಿಸಿದ್ದು ನೀವೇ ಅಕ್ಕ,” ಎಂದಳು. ಕರಿಬಸಮ್ಮ ಸೆರಗು ಸರಿಮಾಡಿಕೊಂಡು, “ಮೂಟೆ ನೋಡೋದು ನನಗೇನು ಹೊಸದಾ,” ಎಂದರು. ಅವರ ಮುಖ ಅರಳಿತ್ತು.

ನಿಜವಾದ ಒಪ್ಪಿಗೆ ಆಮೇಲೆ ಬಂತು. ಮೊದಲ ಮೂಟೆಗೆ ಮುದ್ರೆ ಕಟ್ಟಿದ್ದು ಕರಿಬಸಮ್ಮನೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಆಫೀಸಿನ ಪರದೆ ಕೆಂಪಾದರೆ ಅವಸರದಲ್ಲಿ ಮುಂದುವರಿಯಬೇಡಿ, ಪೆಟ್ಟಿಗೆಯನ್ನೂ ಕಿತ್ತು ಹಾಕಬೇಡಿ. ತಾರೀಖು ನೋಡಿ, ಸರ್ಟಿಫಿಕೇಟ್ ಕೊಟ್ಟವರು ಯಾರು ಎಂದು ಓದಿ, ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಒಂದು ಫೋನ್ ಮಾಡಿ. ಬಿಚ್ಚಿ ನೋಡದೆ ಕರಿಬಸಮ್ಮ ಮೂಟೆ ಒಳಗೆ ಬಿಡುವುದಿಲ್ಲ. ನೀವೂ ಮುದ್ರೆ ನೋಡದೆ ಬಿಡಬೇಡಿ.