ಕೆರೂಬೊಳ ಕುಬಸ

ಗೆಳೆತನ ಮಾಡಿ ಎಂದು ಹೇಳಿದವರು ನಮ್ಮ ಸಭೆಯವರೇ. ಮಾಡಿದೆ. ಆಮೇಲೆ ಬಿಟ್ಟುಬಿಡಿ ಎಂದರು. ಗೆಳೆತನವೇನು ಅಂಗಡಿಯಿಂದ ತಂದ ಸೀರೆಯೇ, ಬಣ್ಣ ಒಪ್ಪಲಿಲ್ಲವೆಂದು ಮಡಚಿ ವಾಪಸು ಕೊಡುವುದಕ್ಕೆ?

ಅದು ಎಂಬತ್ತೇಳನೆಯ ಇಸವಿ. ಜಮಖಂಡಿಯ ನಮ್ಮ ಸಭೆಯೆಂದರೆ ಹದಿನಾಲ್ಕು ಕ್ರೈಸ್ತ ಮನೆಗಳು, ಒಂದು ಸಣ್ಣ ದೇವಾಲಯ, ಅದರ ಹಿಂದೆ ಸಭೆಗೆ ಸೇರಿದ ಎರಡು ಕೋಣೆಯ ಮನೆ. ಆ ಮನೆಯಲ್ಲಿ ನಾನಿದ್ದೆ. ಹೆಸರು ಅನಸವ್ವ. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ. ಇಪ್ಪತ್ತಾರು ವರ್ಷ ಸಭೆಯ ಸೇವಕಿಯಾಗಿ ಹೆಣ್ಣುಮಕ್ಕಳಿಗೆ ಓದು ಕಲಿಸುತ್ತ, ಜಡ್ಡು ಬಿದ್ದವರ ಮನೆಗೆ ಹೋಗಿ ಪ್ರಾರ್ಥನೆ ಮಾಡುತ್ತ ಬದುಕಿದವಳು. ಊರವರು ಬಾಯಾರ ಎಂದು ಕರೆಯುತ್ತಿದ್ದರು.

ಆ ವರ್ಷ ಊರ ಕಾಲೇಜಿನಲ್ಲಿ ಕೀನ್ಯಾ ದೇಶದ ಏಳು ಮಂದಿ ಓದುತ್ತಿದ್ದರು. ಅವರು ಬಜಾರದಲ್ಲಿ ನಡೆದರೆ ಕಾಯಿಪಲ್ಯೆಯವರು ತೂಗುವುದನ್ನೇ ಮರೆತು ನೋಡುತ್ತಿದ್ದರು. ಅಷ್ಟರಲ್ಲಿ ನಮ್ಮ ಸಭೆಯ ಮೇಲಿನ ಕಚೇರಿಯಿಂದ ಪತ್ರ ಬಂತು. ಪರದೇಶದ ವಿದ್ಯಾರ್ಥಿಗಳನ್ನು ಮನೆಗೆ ಕರೆಯಿರಿ, ಊಟಕ್ಕೆ ಬಡಿಸಿರಿ, ಸ್ನೇಹ ಬೆಳೆಸಿರಿ, ಆ ಸ್ನೇಹದ ಮೂಲಕ ಸುವಾರ್ತೆ ತಿಳಿಸಿರಿ ಎಂದಿತ್ತು. ಸಭೆಯ ಹಿರಿಯರಾದ ಗಂಗಾರಾಮ ಮಾಸ್ತರರು ಕನ್ನಡ ಸಾಲೆಯಿಂದ ನಿವೃತ್ತರಾದವರು. ಪತ್ರವನ್ನು ಎರಡು ಸಲ ಓದಿ ನನ್ನ ಕಡೆ ನೋಡಿದರು.

"ಬಾಯಾರ, ಇದು ನಿಮ್ಮ ಕೆಲಸ ನೋಡ್ರಿ" ಎಂದರು.

ಅಡುಗೆಯ ಮಾತು ಬಂದರೆ ಸಾಕು, ಎಲ್ಲ ಸೇವೆಯೂ ನನ್ನದಾಗುತ್ತಿತ್ತು.

ಭಾನುವಾರ ಆರಾಧನೆ ಮುಗಿದ ಮೇಲೆ ಏಳೂ ಮಂದಿ ನನ್ನ ಮನೆಯಲ್ಲಿ ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ರೊಟ್ಟಿ ಅವರಿಗೆ ಮೊದಮೊದಲು ಒಗ್ಗಲಿಲ್ಲ. ಒಂದು ದಿನ ಜೋಳದ ನುಚ್ಚು ಮಾಡಿದೆ. ಕೆರೂಬೊ ಎಂಬ ಹುಡುಗಿ ಬಿಸಿ ನುಚ್ಚನ್ನು ಬೆರಳಲ್ಲಿ ಉಂಡೆ ಮಾಡಿ, ನಡುವೆ ಹೆಬ್ಬೆರಳಿಂದ ಒತ್ತಿ ಕುಳಿ ಮಾಡಿ, ಪಲ್ಯ ತುಂಬಿಕೊಂಡು ಬಾಯಿಗಿಟ್ಟಳು. ಅಗಿಯುತ್ತ ಅಗಿಯುತ್ತ ಅಳತೊಡಗಿದಳು. ಅವಳ ತಾಯಿ ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವುದೂ ಹೀಗೇ ಇರುತ್ತದಂತೆ. ನಾನು ಮತ್ತೊಂದು ಸೌಟು ಹಾಕಿದೆ. ಅಳುವವರಿಗೆ ನನಗೆ ಗೊತ್ತಿರುವ ಔಷಧಿ ಅದೊಂದೇ.

ಕೆರೂಬೊ ಕ್ರೈಸ್ತಳು. ಅವಳ ಗಂಡ ಜುಮಾ, ಅದೇ ಕಾಲೇಜಿನಲ್ಲಿ ಕೊನೆಯ ವರ್ಷದವನು, ಮುಸಲ್ಮಾನ. ರಿಜಿಸ್ಟರ್ ಮದುವೆಯಾಗಿ ಬಂದಿದ್ದರು. ಅವಳ ತಂದೆ ಅಲ್ಲಿಯ ದೇವಾಲಯದಲ್ಲಿ ದೊಡ್ಡ ಮನುಷ್ಯ. ತಮಗೆ ಕೆರೂಬೊ ಎಂಬ ಮಗಳಿಲ್ಲ ಎಂದು ಒಂದೇ ಸಾಲಿನ ಕಾಗದ ಬರೆದು ಮುಗಿಸಿದ್ದರು. ಅವಳು ಆ ಕಾಗದವನ್ನು ಬೈಬಲಿನಲ್ಲಿಟ್ಟುಕೊಂಡಿದ್ದಳು. ಜುಮಾ ಭಾನುವಾರ ಊಟಕ್ಕೆ ಮಾತ್ರ ಬರುತ್ತಿದ್ದ, ಪ್ರಾರ್ಥನೆಯ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಕುಳಿತು ನಮ್ಮೆಲ್ಲರ ಚಪ್ಪಲಿ ಕಾಯುತ್ತಿದ್ದ. ಓಣಿಯ ಹೆಂಗಸರು ಕೆರೂಬೊಳಿಗೆ ಕನ್ನಡ ಕಲಿಸಿದರು, ಕೆರೂಬವ್ವ ಎಂದು ಹೆಸರು ಹಿಗ್ಗಿಸಿದರು.

ಅವಳು ಬಸುರಾಗಿ ಆರು ತಿಂಗಳು ತುಂಬಿದಾಗ ಅವರಿದ್ದ ಬಾಡಿಗೆ ಕೋಣೆಯ ಮಾಲಕ ಶಂಕರೆಪ್ಪ ನನ್ನನ್ನು ಹುಡುಕಿಕೊಂಡು ಬಂದ.

"ಬಾಯಾರ, ಸಿಟ್ಟಿಗೇಳಬ್ಯಾಡ್ರಿ. ಹುಡುಗಿ ಛಲೋ ಅದಾಳ, ಹುಡುಗನೂ ಛಲೋ ಅದಾನ. ಆದ್ರ ಹಡಿಯೂದು, ಬಾಣಂತನ, ಇವೆಲ್ಲಾ ಬಾಡಗಿ ಮನ್ಯಾಗ ಆಗೂದಿಲ್ರಿ. ನನ್ನ ಮಗಳೂ ತವರಿಗೆ ಬಂದ ಹಡದಾಳ. ಈಕಿ ತವರ ಎಲ್ಲೈತಿ, ಅಲ್ಲಿಗೆ ಕಳಿಸ್ರಿ."

ನಾನು ಅವನ ಜೊತೆ ಜಗಳಾಡಲಿಲ್ಲ. ನಮ್ಮ ಕಡೆ ಚೊಚ್ಚಲ ಬಸುರಿ ತವರಿಗೆ ಹೋಗಬೇಕು, ಅದರಲ್ಲಿ ಅವನದೇನೂ ತಪ್ಪಿಲ್ಲ. ಹೆರಿಗೆ ಸರಕಾರಿ ದವಾಖಾನೆಯಲ್ಲಿ ಆದೀತು. ಆಮೇಲೆ ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕು? ಎರೆಯುವವರು ಯಾರು, ಬಿಸಿನೀರು ಕಾಯಿಸುವವರು ಯಾರು? ಅವಳ ತವರು ಸಮುದ್ರದ ಆಚೆ ಇತ್ತು, ಅದೂ ಬಾಗಿಲು ಹಾಕಿಕೊಂಡು ಕುಳಿತಿತ್ತು.

ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಮನೆ ಸಭೆಯದು, ಆದ್ದರಿಂದ ಹಿರಿಯರ ಕಮಿಟಿಯನ್ನು ಕೇಳಬೇಕಾಯಿತು. ಕೇಳಿದ್ದೇ ತಪ್ಪಾಯಿತು. ಗಂಗಾರಾಮ ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕ್ರೈಸ್ತ ಹುಡುಗಿ ಆಗಿ ಬ್ಯಾರೇದವನ ಕೈ ಹಿಡದಾಳ. ಆಕೀನ ನಮ್ಮ ಕಂಪೌಂಡಿನ್ಯಾಗ ಇಟ್ಕೊಂಡ್ರ ನಾಳೆ ನಮ್ಮ ಹುಡುಗ್ಯಾರು ಏನ ಕಲೀತಾರ್ರಿ? ಆ ಹುಡುಗ ದೀಕ್ಷಾಸ್ನಾನ ತಗೊಳ್ಳಲಿ, ಇಲ್ಲಾ ಆಕಿ ಅವನ್ನ ಬಿಟ್ಟ ಬರಲಿ. ಎರಡರಾಗ ಒಂದಾದ್ರ ನಮ್ಮ ಅಡ್ಡಿ ಇಲ್ಲ."

"ಎರಡೂ ಆಗಲಿಲ್ಲ ಅಂದ್ರ?"

"ಅಂದ್ರ ಆ ಮನಿ ಸಭೇದು ಅನ್ನೂದು ನಿಮಗ ನೆಪ್ಪಿರಲಿ."

ಪ್ರತಿ ಕ್ರಿಸ್ಮಸ್ಸಿಗೆ ದೇವಾಲಯದಲ್ಲಿ ಎದ್ದು ನಿಂತು ಬೇತ್ಲೆಹೇಮಿನ ಛತ್ರದವನನ್ನು ಬೈಯುವವರು ಇವರೇ. ಬಸುರಿಗೆ ಜಾಗ ಕೊಡದ ಕಲ್ಲೆದೆಯವನು ಎಂದು ಇವರಿಗೆ ಕಣ್ಣೀರೂ ಬರುತ್ತಿತ್ತು. ಅದನ್ನೇ ಹೇಳಿದೆ. ನಾನು ಎದ್ದು ಬಂದೆ.

ಸುದ್ದಿ ಜುಮಾನಿಗೂ ಮುಟ್ಟಿತು. ಮರುದಿನ ಮಧ್ಯಾಹ್ನ ಕಾಲೇಜು ಬಿಟ್ಟು ನೇರ ನನ್ನ ಮನೆಗೆ ಬಂದ. ನನ್ನ ಮುರುಕು ಇಂಗ್ಲಿಷು, ಅವನ ಮುರುಕು ಹಿಂದಿ, ಎರಡನ್ನೂ ಕೂಡಿಸಿ ನಾವು ಮಾತಾಡುತ್ತಿದ್ದೆವು. ಅವನು ತಲೆ ತಗ್ಗಿಸಿ ಹೇಳಿದ್ದು ಇಷ್ಟು: ನನ್ನ ಹೆಸರು ಬರೆದುಕೊಳ್ಳಿ, ನೀರು ಹಾಕಿಸಿಕೊಳ್ಳುತ್ತೇನೆ, ಅವಳಿಗೊಂದು ಕೋಣೆ ಸಿಕ್ಕರೆ ಸಾಕು.

ಯೇಸುಸ್ವಾಮಿಯ ಮೇಲೆ ನನಗೆ ಪ್ರೀತಿ ಇತ್ತು, ಈಗಲೂ ಇದೆ. ಈ ಹುಡುಗನಿಗೂ ಆ ಪ್ರೀತಿ ಹುಟ್ಟಲಿ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬಸುರಿ ಹೆಂಡತಿಯನ್ನು ಒತ್ತೆಯಿಟ್ಟುಕೊಂಡು ಒಬ್ಬನನ್ನು ದೇವರ ಹತ್ತಿರ ಎಳೆದುತರುವುದೇ? ಆ ದೇವರು ನನ್ನ ಮುಖ ನೋಡಿಯಾನೇ? ನನ್ನ ಸಿಟ್ಟು ನೆತ್ತಿಗೇರಿತು. ಇಂಗ್ಲಿಷು ಹಿಂದಿ ಎರಡೂ ಕೈಕೊಟ್ಟವು, ಕನ್ನಡದಲ್ಲೇ ಹೇಳಿದೆ.

"ಅಂಜಿ ತಗೊಳ್ಳೂ ಸ್ನಾನಕ್ಕ ನಾ ನೀರ ಹೊರೂದಿಲ್ಲಪಾ. ಎದ್ದೇಳು. ಉಂಡ ಹೋಗು."

ಅವನಿಗೆ ಅರ್ಥವಾಯಿತು. ಎರಡು ಕೈಯಲ್ಲಿ ಮುಖ ಒರೆಸಿಕೊಂಡು ಊಟಕ್ಕೆ ಕುಳಿತ.

ಕೋಣೆಯ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ದಾರಿ ತೋರಿಸಿದವಳು ಪಕ್ಕದ ಮನೆಯ ಗುರುಬಸವ್ವ. ಲಿಂಗವಂತರವಳು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಗೋಡೆಯ ಮೇಲಿಂದ ನನ್ನ ಗೋಳೆಲ್ಲ ಕೇಳಿಸಿಕೊಂಡು ಅವಳು ಒಂದೇ ಪ್ರಶ್ನೆ ಕೇಳಿದಳು.

"ಆ ಹುಡುಗಿ ಕುಬಸ ಯಾರ ಮಾಡ್ತಾರ ಬೇ?"

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಏಳನೇ ತಿಂಗಳಲ್ಲಿ ತವರಿನವರು ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬಸ ಅಂದರೆ ರವಿಕೆ ತೊಡಿಸಿ, ಐದು ಮನೆಯ ಹೆಂಗಸರಿಂದ ಉಡಿ ತುಂಬಿಸುತ್ತಾರೆ. ಕುಬಸ ಮಾಡಿದವರು ತವರಿನವರು. ಅವರೇ ಕರೆದುಕೊಂಡು ಹೋಗಿ ಬಾಣಂತನ ಮಾಡಬೇಕು. ಇದಕ್ಕೆ ಕಾಗದ ಪತ್ರ ಇಲ್ಲ, ಸಹಿ ಇಲ್ಲ. ಆದರೆ ಹಾಗೆ ತವರಿಗೆ ಬಂದ ಬಸುರಿಯನ್ನು ಹೊರಗೆ ಕಳಿಸುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

"ನಾ ಮಾಡ್ತೇನಿ" ಎಂದೆ.

"ಮಾಡು. ಸೀರಿ ನಾ ತರಸ್ತೇನಿ, ಬನಹಟ್ಟ್ಯಾಗ ನಮ್ಮ ತಮ್ಮನ ಮಗ್ಗ ಅದಾವ" ಎಂದಳು ಗುರುಬಸವ್ವ.

ಕುಬಸಕ್ಕೆ ಗುಳೇದಗುಡ್ಡದ ಹಸಿರು ಖಣ ತಂದೆ. ಓಣಿಯ ಎಲ್ಲ ಮನೆಗೂ ಹೋಗಿ ಕರೆದೆ. ಮಾಸ್ತರರು ಇಲ್ಲದ ಹೊತ್ತು ನೋಡಿ ಅವರ ಹೆಂಡತಿ ಪದ್ಮವ್ವನನ್ನೂ ಕರೆದೆ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ನಡುಮನೆಯಲ್ಲಿ ಮಣೆ ಹಾಕಿ ಕೆರೂಬೊಳನ್ನು ಕೂರಿಸಿದೆವು. ಹಸಿರು ಸೀರೆ, ಹಸಿರು ಬಳೆ, ಮೈಗೆ ಬಿಗಿಯಾಗಿ ಕೂತ ಖಣದ ಕುಬಸ. ಎಷ್ಟು ಚೆಂದ ಕಾಣುತ್ತಿದ್ದಳೆಂದರೆ ಹೆಂಗಸರೆಲ್ಲ ನೆಟಿಗೆ ಮುರಿದು ದೃಷ್ಟಿ ತೆಗೆದರು. ನಾನು ಪ್ರಾರ್ಥನೆ ಮಾಡಿ ದೂರ ಸರಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಗಂಡ ಸತ್ತವಳು ಉಡಿ ತುಂಬುವುದಿಲ್ಲ. ಕ್ರೈಸ್ತಳಾದರೂ ಆ ಅಳುಕು ನನ್ನ ಮೈಯಲ್ಲಿ ಉಳಿದಿತ್ತು, ಅದಕ್ಕೆ ನನಗೇ ನಾಚಿಕೆ.

ಗುರುಬಸವ್ವ ಬಂದು ನನ್ನ ರಟ್ಟೆ ಹಿಡಿದಳು. "ತವರ ಅನಿಸ್ಕೊಂಡಾಕಿ ಬಾಗಲದಾಗ ನಿಂತ್ರ ಹೆಂಗ ಬೇ? ಮೊದಲ ನೀ ಹಾಕು."

ನನ್ನ ಬೊಗಸೆಗೆ ಅಕ್ಕಿ ಸುರಿದಳು. ಐವತ್ತೆರಡನೇ ವಯಸ್ಸಿನಲ್ಲಿ, ಒಂದೂ ಹಡೆಯದ ನಾನು, ಮಗಳ ಉಡಿಗೆ ಅಕ್ಕಿ ಹಾಕಿದೆ. ಆಮೇಲೆ ಗುರುಬಸವ್ವ ಕೊಬ್ಬರಿ ಹಾಕಿದಳು, ಓಣಿಯ ಯಲ್ಲಕ್ಕ ಉತ್ತತ್ತಿ ಹಾಕಿದಳು, ಶಂಕರೆಪ್ಪನ ಹೆಂಡತಿ ಮಾದೇವಿ ಬೆಲ್ಲದಚ್ಚು ಇಟ್ಟಳು. ನಾಲ್ಕು ಮನೆಯಾಯಿತು. ಐದನೆಯವಳು ಯಾರು ಎನ್ನುವಷ್ಟರಲ್ಲಿ ಪದ್ಮವ್ವ ತಲೆ ಮೇಲೆ ಸೆರಗು ಹೊದ್ದು ಮುಂದಿನ ಬಾಗಿಲಿಂದಲೇ ಒಳಗೆ ಬಂದಳು. ಅವಳ ಹಿಂದೆ ನಾಲ್ಕು ಹೆಜ್ಜೆಗೆ ಗಂಗಾರಾಮ ಮಾಸ್ತರರು, ಕೈಯಲ್ಲಿ ಲಕೋಟೆ. ಹೆಂಡತಿ ಎಲ್ಲಿಗೆ ಹೊರಟಿದ್ದಾಳೆಂದು ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

"ಬಾಯಾರ, ಇದೇನ್ರಿ ಇದು? ಸಭೇ ಮನ್ಯಾಗ ಉಡಿ, ಕುಬಸ. ಇವು ಕ್ರೈಸ್ತರ ಆಚರಣೆ ಏನ್ರಿ?"

"ಮಾಸ್ತರ, ನಿಮ್ಮ ಹೆಸರಿನ್ಯಾಗ ಗಂಗಿನೂ ಅದಾಳ, ರಾಮನೂ ಅದಾನ. ಅವರಿಬ್ಬರನ್ನೂ ಹೊತ್ಕೊಂಡ ನೀವು ದೇವರ ಗುಡಿ ಹಿರಿಯರಾಗೀರಿ. ನನ್ನ ಹುಡುಗಿ ಒಂದ ಹಸರ ಕುಬಸ ತೊಟ್ರ ಏನಾತ್ರಿ?"

ಯಲ್ಲಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಾಸ್ತರರ ಮುಖ ಕೆಂಪಾಯಿತು. ಪದ್ಮವ್ವ ನಗಲಿಲ್ಲ. ಗಂಡನ ಕಡೆ ತಿರುಗಿಯೂ ನೋಡದೆ ಕೆರೂಬೊಳ ಮುಂದೆ ಮಂಡಿಯೂರಿ, ಉಡಿಯೊಳಗೆ ಎಲೆ ಅಡಿಕೆ ಇಟ್ಟು, ಅವಳ ಗಲ್ಲ ಮುಟ್ಟಿ ತನ್ನ ಬೆರಳಿಗೆ ಮುತ್ತಿಟ್ಟುಕೊಂಡಳು. ಮಾಸ್ತರರು ಲಕೋಟೆಯನ್ನು ಕಿಟಕಿಯ ಮೇಲಿಟ್ಟು ಹೋದರು. ಮೂವತ್ತು ದಿನದೊಳಗೆ ಮನೆ ಖಾಲಿ ಮಾಡಬೇಕು ಎಂದು ಅದರಲ್ಲಿತ್ತು.

ನಾನು ಖಾಲಿ ಮಾಡಲಿಲ್ಲ. ಬದಲಿಗೆ ಅವತ್ತೇ ಕೆರೂಬೊಳ ಟ್ರಂಕು ತರಿಸಿದೆ.

ಮೂವತ್ತೊಂದನೆಯ ದಿನ ಸುಡುಬಿಸಿಲಲ್ಲಿ ಮಾಸ್ತರರು ಬಂದರು, ಕೈಚೀಲದಲ್ಲಿ ಹೊಸ ಬೀಗ. ಅವರು ಬರುವ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು, ತಂದವಳು ಯಾರೆಂದು ಹೇಳಬೇಕಿಲ್ಲ. ನನ್ನ ಜೊತೆ ಉಡಿ ತುಂಬಿದ ನಾಲ್ವರೂ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ಅವರಲ್ಲಿ ಪದ್ಮವ್ವನೂ ಇದ್ದಳು, ಮೊರ ಹಿಡಿದುಕೊಂಡು.

"ಮಾಸ್ತರ, ಈ ಹುಡುಗಿ ಉಡಿ ನಾವು ತುಂಬೀವಿ. ತುಂಬಿದ ಉಡಿ ಹಾದ್ಯಾಗ ಝಾಡಿಸಿ ಕಳಸೂ ಪದ್ಧತಿ ನಮ್ಮ ಕಡೆ ಇಲ್ರಿ. ಬೀಗ ಹಾಕಾವ್ರಿದ್ರ ನಮ್ಮನ್ನೂ ಒಳಗ ಹಾಕ್ರಿ" ಎಂದಳು ಗುರುಬಸವ್ವ, ಕೈಯ ಕೆಲಸ ಬಿಡದೆ.

ಮಾಸ್ತರರು ಹೆಂಡತಿಯನ್ನು ನೋಡಿದರು. ಅವಳು ಕಲ್ಲು ಆರಿಸುತ್ತಿದ್ದಳು. ಸೋತ ದನಿಯಲ್ಲಿ ನನ್ನನ್ನು ಕೇಳಿದರು.

"ಈಕಿ ನಿಮಗ ಏನಾಗಬೇಕ್ರಿ ಬಾಯಾರ? ಖರೆ ಹೇಳ್ರಿ. ಮ್ಯಾಲಿನವರಿಗೆ ನಾ ಏನಂತ ಬರೀಲಿ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಒಳಗಿಂದ ಕೆರೂಬೊ ಬಂದಳು, ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ತಾಟಿನಲ್ಲಿಟ್ಟ ಬೆಲ್ಲದ ಚೂರು. ಹೊಟ್ಟೆಯ ಭಾರಕ್ಕೆ ನಿಧಾನ ನಡೆದು ಮಾಸ್ತರರ ಮುಂದೆ ನಿಂತಳು.

"ಬಿಸಲಾಗ ಬಂದೀರಿ, ಕುಂದರ್ರಿ ಮಾಸ್ತರ. ಮೊದಲ ನೀರ ಕುಡೀರಿ" ಎಂದಳು. ಆಮೇಲೆ ಒಂದೊಂದೇ ಮಾತನ್ನು ಜೋಡಿಸಿ ಹೇಳಿದಳು. "ಇದು ನನ್ನ ತವರಮನಿರಿ. ಹಡದು, ಕೂಸು ಗಟ್ಟಿ ಆದ ಮ್ಯಾಲ ನಾನ ಹೋಗ್ತೇನಿ. ಈಗ ಹೋಗೂದಿಲ್ಲ."

ಬಂದವರಿಗೆ ನೀರು ಬೆಲ್ಲ ಕೊಡುವುದು ಮನೆಯವರು. ಬಂದವರು ಅದನ್ನು ಬೇಡವೆನ್ನುವುದಿಲ್ಲ. ಮಾಸ್ತರರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು, ನಲವತ್ತು ವರ್ಷ ಮಕ್ಕಳಿಗೆ ಕಲಿಸಿದವರು. ಕೈಚೀಲ ಕೆಳಗಿಟ್ಟು ತಂಬಿಗೆ ಹಿಡಿದರು. ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರು, ತಂಬಿಗೆಯನ್ನು ಅವಳ ಕೈಗೇ ಕೊಟ್ಟರು, ಕೈಚೀಲ ಎತ್ತಿಕೊಂಡು ಹೋದರು.

ಅದಾದ ಇಪ್ಪತ್ತಾರು ದಿನಕ್ಕೆ ಹೆಣ್ಣು ಕೂಸು ಹುಟ್ಟಿತು. ಐದು ತಿಂಗಳು ನಾನೇ ಎರೆದೆ, ನಾನೇ ಕಾಯಿಸಿದೆ. ಜುಮಾನ ಪರೀಕ್ಷೆ ಮುಗಿದ ಮೇಲೆ ಮೂವರನ್ನೂ ಬಸ್ಸಿಗೆ ಹತ್ತಿಸಿ ಬಂದೆ. ಅತ್ತೆನೇ? ಹೌದು, ಬಸ್‌ಸ್ಟ್ಯಾಂಡಿನಲ್ಲಿ ನಿಂತು ದನಿ ತೆಗೆದು ಅತ್ತೆ.

ಮರುವಾರ ಕಮಿಟಿಯ ಎರಡನೇ ಪತ್ರ ಬಂತು. ನನ್ನ ಸೇವೆ ಸಾಕು, ಮನೆ ಬಿಡಬೇಕು. ಈ ಸಲ ತಕರಾರು ಮಾಡಲಿಲ್ಲ. ಎರಡು ಟ್ರಂಕನ್ನು ಗುರುಬಸವ್ವನ ಹಿತ್ತಲ ಕೋಣೆಗೆ ಸಾಗಿಸಿ ಕೀಲಿಕೈ ಕೊಡಲು ಮಾಸ್ತರರ ಮನೆಗೆ ಹೋದೆ. ಅವರು ನನ್ನ ಮುಖ ನೋಡಲಿಲ್ಲ.

"ಇಪ್ಪತ್ತೇಳ ವರ್ಷದ ಮನಿ ಹೋತಲ್ರಿ ಬಾಯಾರ" ಎಂದರು. ಆ ದನಿಯಲ್ಲಿ ನಿಜವಾಗಿಯೂ ಸಂಕಟವಿತ್ತು.

ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟೆ.

"ಮನಿ ಸಭೇದು, ಮಾಸ್ತರ. ತಗೋರಿ. ತವರ ನಂದು. ನಾ ಎಲ್ಲಿರ್ತೇನೋ ಅದು ಅಲ್ಲೈತಿ, ಆಕಿ ಮುಂದಿನ ಬಾಣಂತನಕ್ಕ ಅಲ್ಲಿಗೇ ಬರ್ತಾಳ."