ದೊಡ್ಡ ಸಾಲಿಯ ನರ್ಸಬಾಯಿ

ಮಾಳಮ್ಮನ ಅಂಗೈ ನೋಡಿದರೆ ಸಾಕು, ಹಿರೋಳ್ಳಿಯಲ್ಲಿ ಯಾರೋ ಹಡೆದಿದ್ದಾರೆ ಅಂತ ತಿಳಿಯುತ್ತಿತ್ತು. ಬಾಣಂತಿಯರ ಬಟ್ಟೆಯನ್ನು ಬೂದಿ, ಚೌಳುಮಣ್ಣು ಹಾಕಿ ಒಗೆದು ಒಗೆದು ಕೈ ಬಿರಿದು ರಕ್ತ ಜಿನುಗುತ್ತಿತ್ತು. ಹೊಲಗೇರಿಯ ಸೂಲಗಿತ್ತಿ ಆಕೆ. ಬಸವಂತರಾಯ ಗೌಡನ ಮನೆಯಲ್ಲಿ ಹೆರಿಗೆ ಬಂತೋ, ಹಿತ್ತಲ ಬಾಗಿಲಿಂದ ಕರೆ. ಕೂಸಿನ ಹೊಕ್ಕಳು ಕೊಯ್ಯಲು ಆಕೆಯ ಕೈ ನಡೆಯುತ್ತಿತ್ತು. ಕೊಯ್ದಾದ ಕೂಡಲೇ ಅದೇ ಕೈಗೆ ಮೈಲಿಗೆ! ಆಕೆ ಕೂತ ಜಾಗಕ್ಕೆ ಗಂಜಲ ಚಿಮುಕಿಸಿ, ಬಟ್ಟೆಯ ಗಂಟನ್ನು ಹಿತ್ತಲಿಗೆ ಎಸೆಯುತ್ತಿದ್ದರು. ಥೂ, ಇವರ ಮಡಿಗಿಷ್ಟು ಬೆಂಕಿ ಹಾಕ.

ಮಗಳು ಅಮೃತ ಆಳಂದದ ಸಾಲಿಯಲ್ಲಿ ಕಿಟಕಿಯ ಹೊರಗೆ ಕೂತು ಏಳನೇ ಇಯತ್ತೆ ಪಾಸಾಗಿದ್ದಳು. ನರ್ಸ ಆಗಬೇಕು ಅನ್ನುವುದೊಂದೇ ಆಕೆಯ ಆಸೆ. ನಿಜಾಮನ ಗಡಿಯ ನಾಕಾ ದಾಟಿ ಹೋದರೆ ಸೊಲ್ಲಾಪುರ, ಇಂಗ್ರೇಜರ ರಾಜ್ಯ. ಅಲ್ಲಿ ಕಸ್ತೂರಿಬಾಯಿ ಅನ್ನುವ ಡಾಕ್ಟರಮ್ಮ ತಗಡಿನ ಮನೆಯೊಂದರಲ್ಲಿ ಹೆರಿಗೆ ದವಾಖಾನೆ ನಡೆಸುತ್ತ, ಬಡವರ ಹುಡುಗಿಯರಿಗೆ ನರ್ಸ ಕೆಲಸ ಕಲಿಸುತ್ತಿದ್ದಳು. "ಬಾ, ಕಲಸ್ತೇನಿ. ನಿನ್ನ ಜಾತಿ ಕಟಗೊಂಡು ನನಗೇನಾಗಬೇಕಾಗ್ಯದ?" ಅಂತ ಅಮೃತಳಿಗೆ ಹೇಳಿದ್ದಳು.

ಈ ಮಾತು ಗೌಡನ ಕಿವಿಗೆ ಬಿತ್ತು. ಆತ ಅಮೃತಳ ಅಪ್ಪ ಹುಲೆಪ್ಪನನ್ನು ಕರೆಸಿದ.

"ಲೇ ಹುಲ್ಯಾ, ಆ ತಗಡಿನ ಸಾಲಿಗಿ ಹೆಸರರೆ ಅದ ಏನಲೇ?"

"ಗೊತ್ತಿಲ್ರಿ ಧಣಿ."

"ಹೈದ್ರಾಬಾದಿನ್ಯಾಗ ದೊಡ್ಡ ದವಾಖಾನಿ ಅದ. ನವಾಬರ ಮನಿ ಹೆಣ್ಣಮಕ್ಕಳು ಹಡಿಯಾಕ ಬರೂ ಜಾಗ. ಅಲ್ಲೇ ನರ್ಸ ಸಾಲಿ, ನಮ್ಮ ಅಳಿಯಾನೇ ಮ್ಯಾನೇಜರ. ಅಲ್ಲಿ ಕಲತ್ರ ಊರಿಗೇ ಇಜ್ಜತ್ತು. ಕಳಸ್ತೀ ಏನು?"

ಹುಲೆಪ್ಪ ಉಬ್ಬಿಹೋದ. ಪಾಪ, ಆತನದೂ ಒಂದು ಲೆಕ್ಕ. ಹುಟ್ಟಿದಾಗಿನಿಂದ ಯಾವ ದೊಡ್ಡ ಬಾಗಿಲೊಳಗೂ ಕಾಲಿಟ್ಟವನಲ್ಲ. ಬಾಗಿಲು ದೊಡ್ಡದಿದ್ದಷ್ಟು ಒಳಗಿನ ವಿದ್ಯೆಯೂ ದೊಡ್ಡದಿರಬೇಕು ಅಂದುಕೊಂಡ.

"ಅಪ್ಪಾ, ಅಲ್ಲಿ ನನಗ ಕಲಸ್ತಾರೋ ಇಲ್ಲೋ, ಯಾರರೆ ಕೇಳ್ಯಾರೇನು?" ಅಂದಳು ಅಮೃತ.

"ಸುಮ್ನಿರಬೇ. ಕಲಸದೇ ಅಷ್ಟು ದೊಡ್ಡ ಹೆಸರು ಬರ್ತದೇನು?"

ಹೋದಳು. ಹೆಬ್ಬಾಗಿಲೇನು, ಅದರ ಮೇಲೆ ಗಡಿಯಾರವೇನು, ಮೀಸೆ ತಿರುವುವ ಕಾವಲುಗಾರನೇನು! ಹೆಸರು ಕ್ಷೀರಸಾಗರ, ಮನ್ಯಾಗ ಮಜ್ಜಿಗೀಗೂ ತತ್ವಾರ ಅಂದಂಗಾಯಿತು. ಉಳಿದ ಹುಡುಗಿಯರಿಗೆ ಬಿಳಿ ಸೀರೆ ಕೊಟ್ಟರು, ಅಮೃತಳಿಗೆ ಬಕೀಟು ಕೊಟ್ಟರು. ಅವರು ಮಾಳಿಗೆಯ ಮೇಲೆ ಪಾಠಕ್ಕೆ ಕೂತರೆ ಈಕೆ ಕೆಳಗೆ ಹೆರಿಗೆ ಕೋಣೆಯ ಬಟ್ಟೆ ಒಗೆಯಬೇಕು. ಒಂದು ದಿನ ತಡೆಯಲಾರದೆ ಮೇಲೆ ಹೋಗಿ ಪಾಠದ ಕೋಣೆಯ ಬಾಗಿಲಲ್ಲಿ ನಿಂತಳು. ಒಳಗಿನಿಂದ ಯಾರೋ ಎದ್ದು ಬಂದು ಬಾಗಿಲು ಮುಚ್ಚಿದರು.

ಜತೆಗೆ ಬಟ್ಟೆ ಒಗೆಯುತ್ತಿದ್ದ ಮುದುಕಿ ಬೀಬಿಜಾನ ಯಡ್ರಾಮಿ ಕಡೆಯವಳು. ಆಕೆಯೇ ಹೇಳಿದಳು.

"ಹುಚ್ಚಿ, ಪಗಾರ ಇಲ್ಲದ ಒಗಿಯಾಕ ಒಬ್ಬಾಕಿ ಬೇಕಾಗಿತ್ತು. ಮ್ಯಾನೇಜರ ತನ್ನ ಮಾವಗ ಹೇಳಿ ನಿನ್ನ ತರಿಸ್ಯಾನ. ನಾನೂ ನರ್ಸ ಆಗ್ತೇನಂತೇ ಬಂದಾಕಿ ಇದ್ದೆ. ನೋಡಿಲ್ಲಿ, ತಲಿ ಬೆಳ್ಳಗಾಗ್ಯದ."

ಅಮೃತ ಆ ಬೆಳ್ಳಗಿನ ತಲೆ ನೋಡಿದಳು. ಬಕೀಟು ಅಲ್ಲೇ ಬಿಟ್ಟು ಊರಿಗೆ ಬಂದುಬಿಟ್ಟಳು.

ಬಂದ ದಿನ ಗೌಡನ ಮನೆಯಲ್ಲಿ ತೊಟ್ಟಿಲ ಕಾರ್ಯ. ಸೊಸೆ ನಿಂಬೆವ್ವ ಹಡೆದಿದ್ದಳು, ಕೂಸು ಅಡ್ಡ ಬಂದಿತ್ತು. ಎರಡು ಜೀವ ಉಳಿಸಿದವಳು ಮಾಳಮ್ಮ. ಮನೆಯ ಮುಂದೆ ತೋರಣ, ಹೋಳಿಗೆ, ನೆಂಟರು. ಮಾಳಮ್ಮ ಮಾತ್ರ ಹಿತ್ತಲಲ್ಲಿ ಬಟ್ಟೆಯ ಗಂಟಿನ ಮುಂದೆ ಕೂತಿದ್ದಳು. ಅಮೃತ ಅವ್ವನನ್ನು ಹುಡುಕಿಕೊಂಡು ಅಲ್ಲಿಗೇ ಬಂದಳು. ಗೌಡ ನೆಂಟರನ್ನು ಕಟ್ಟಿಕೊಂಡು ಹಿತ್ತಲಿಗೆ ಬಂದ.

"ನೋಡ್ರಿ, ನಾ ದೊಡ್ಡ ಸಾಲಿಗಿ ಕಳಿಸಿದ ನರ್ಸಬಾಯಿ! ನಮ್ಮೂರ ಹೊಲೇರೂ ಎಲ್ಲಿ ಕಲೀತಾರ ನೋಡ್ರಿ. ಏನ ಕಲತೀ, ಹೇಳಬೇ."

"ಮೈಲಿಗಿ ಬಟ್ಟಿ ಒಗಿಯೂದು ಕಲತೇನ್ರಿ," ಅಂದಳು ಅಮೃತ. "ನಮ್ಮವ್ವ ಇದೇ ಹಿತ್ತಲದಾಗ ಕಲಸ್ತಿದ್ಲು. ಅದನ್ನ ಕಲಿಯಾಕ ಹೈದ್ರಾಬಾದಿಗಿ ಯಾಕ ಕಳಿಸಿದ್ರಿ? ನಿಮ್ಮ ಅಳಿಯಾಗ ಪುಕ್ಕಟ ಆಳು ಬೇಕಾಗಿತ್ತಂತ ಹೇಳಬೇಕಿಲ್ಲೋ?"

ನೆಂಟರೊಳಗೆ ಒಬ್ಬ ಕಿಸಕ್ಕನೆ ನಕ್ಕ. ಗೌಡನ ಮುಖ ಕೆಂಪಾಯಿತು.

"ಸೊಕ್ಕು ಬಂತೇನಬೇ? ಅಂಥಾ ಸಾಲಿ ಬಾಗಲಾ ತೋರಿಸಿದ್ದಕ್ಕ ನನ್ನ ಕಾಲು ಬೀಳಬೇಕು ನೀನು! ಏ ಮಾಳಿ, ಗಂಟು ಎತ್ತಿ ಮಗಳ ತಲಿ ಮ್ಯಾಲ ಇಡು. ನಡೀರಿ ಹಳ್ಳಕ್ಕ."

ಮಾಳಮ್ಮ ಎದ್ದಳು. ಗಂಟು ಎತ್ತಿದಳು. ಮಗಳ ತಲೆಯ ಮೇಲೆ ಇಡಲಿಲ್ಲ. ಹಿತ್ತಲು ಬಳಸಿ, ಅಂಗಳ ದಾಟಿ, ತೋರಣದ ಕೆಳಗೆ ಮುಂಬಾಗಿಲ ಹೊಸ್ತಿಲ ಮೇಲೆ ಇಟ್ಟಳು. ಹೊಲಗೇರಿಯ ಹೆಣ್ಣೊಬ್ಬಳು ಆ ಬಾಗಿಲಿಗೆ ಬಂದದ್ದು ಅದೇ ಮೊದಲು.

"ಅಷ್ಟು ಇಜ್ಜತ್ತಿನ ವಿದ್ಯಾ ಅಂತೀರಲ್ರಿ ಗೌಡ್ರ," ಅಂದಳು. "ನಿಮ್ಮ ಮನ್ಯಾಗಿನವರೂ ಕಲೀಲಿ."

ಗೌಡ ಹೌಹಾರಿ, ಗಂಟು ಎತ್ತುವವರನ್ನು ಕರೆತರಲು ಹೊಲಗೇರಿಗೆ ಆಳು ಅಟ್ಟಿದ. ಕೇರಿಯ ಸಾಬಮ್ಮ ಬರಲಿಲ್ಲ, ದ್ರೌಪದಿ ಬರಲಿಲ್ಲ. "ದೊಡ್ಡ ಸಾಲ್ಯಾಗ ಕಲತವ್ರು ಒಗೀತಾರಂತ, ಅವ್ರನ್ನೇ ಕರೀರಿ" ಅಂತ ಕೇರಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನಕ್ಕರು. ಗಂಟು ಹೊಸ್ತಿಲ ಮೇಲೇ ಉಳಿಯಿತು. ಮುಟ್ಟುವವರಿಲ್ಲ, ದಾಟುವವರಿಲ್ಲ. ರೇಶ್ಮೆ ರುಮಾಲಿನ ನೆಂಟರೆಲ್ಲ ಮೂಗು ಮುಚ್ಚಿಕೊಂಡು, ಮಾಳಮ್ಮ ಬರುತ್ತಿದ್ದ ಹಿತ್ತಲ ಬಾಗಿಲಿಂದಲೇ ಹೊರಬಿದ್ದರು.

ಮರುದಿನ ಹುಲೆಪ್ಪ ಮಗಳ ಗಂಟುಮೂಟೆ ಹೊತ್ತು ನಾಕಾದ ತನಕ ಬಂದ. ದಾರಿಯುದ್ದಕ್ಕೂ ತಲೆ ಎತ್ತಿರಲಿಲ್ಲ.

"ಯವ್ವಾ, ಆ ಸೊಲ್ಲಾಪುರದ ಸಾಲಿಗಿ ಹೆಸರೇನು?"

"ನನಗೂ ಗೊತ್ತಿಲ್ಲಪ್ಪಾ."

"ಬಾಗಲಾ?"

"ತಗಡಿಂದು. ಹಗಲೆಲ್ಲಾ ತೆರದಿರ್ತದ."

"ಹಂಗಾರ ನಡಿ," ಅಂದ ಹುಲೆಪ್ಪ. ಮೂಟೆಯನ್ನು ಕೆಳಗಿಳಿಸದೆ ಆತನೇ ಮುಂದಾಗಿ ನಾಕಾ ದಾಟಿದ.