ಪಕ್ಕದ ಸಾಲಿನ ಹುಡುಗಿ

ಕ್ಲೋರಿನ್ ವಾಸನೆ, ಮೂಗಿನೊಳಗೆ ಸೂಜಿ ಆಡಿಸಿದ ಹಾಗೆ, ಅವತ್ತೂ ಇದೇ ವಾಸನೆ, ಇದೇ ಈಜುಕೊಳದ ದಡದಲ್ಲಿ ನಾನು ಒದ್ದೆ ಮೈಯಲ್ಲಿ ನಡುಗುತ್ತ ನಿಂತಿದ್ದೆ, ಕೋಚ್ ಎಲ್ಲರೆದುರು ಹೇಳಿದ್ದ, ನಿನ್ನನ್ನ ತಂಡದಿಂದ ತೆಗ್ದಿದೀನಿ, ಎಮ್ಮೆ ನೀರಿಗಿಳಿದ ಹಾಗೆ ಈಜ್ತೀಯ, ಮನೆಗ್ ಹೋಗು — ನಕ್ಕವರಲ್ಲಿ ನನ್ನ ಗೆಳತಿಯರೂ ಇದ್ದರು, ಆ ನಗು ಕಿವಿಯೊಳಗೆ ನಿಂತ ನೀರು, ತಲೆ ಎಷ್ಟು ಕೊಡವಿದರೂ ಇಳಿದಿಲ್ಲ. ಅಗೋ ಅವನೇ, ಗ್ಯಾಲರಿಯ ಕೆಳಮೆಟ್ಟಿಲಲ್ಲಿ, ತಲೆ ಬೋಳಾಗಿದೆ, ಸ್ಪರ್ಧೆಗೆ ನಿಂತ ಮೊಮ್ಮಗಳಿಗೆ ಕೈ ಬೀಸುತ್ತಿದ್ದಾನೆ, ಅವಳ ಪಕ್ಕದ ಸಾಲಿನಲ್ಲೇ ನನ್ನ ಅಕ್ಕನ ಮಗಳು, ನಾನೇ ಪಳಗಿಸಿದವಳು — ಬೀಸು ಮುದುಕ, ಬೀಸು, ಇನ್ನೇನು ಸ್ವಲ್ಪ ಹೊತ್ತು. ಉಸಿರು ಒಳಗೆ, ಉಸಿರು ಹೊರಗೆ, ಭಿಕ್ಷುಣಿಯಮ್ಮ ಕಲಿಸಿದ್ದು, ಅವರಲ್ಲಿಗೆ ನಾನು ಹೋದದ್ದು ಶಾಂತಿ ಬೇಕೆಂದಲ್ಲ, ಗುರಿ ಮುಟ್ಟಬೇಕಿತ್ತು, ಮನಸ್ಸನ್ನು ಒಂದೇ ಕಡೆ ನಿಲ್ಲಿಸುವ ವಿದ್ಯೆ ಬೌದ್ಧರಲ್ಲಿದೆ ಎಂದು ಕೇಳಿದ್ದೆ. ಗುರಿ ಇಟ್ಕೊಳ್ಳೋದು ತಪ್ಪಾ ಅಮ್ಮ? ಯಾಕೆ ತಪ್ಪು, ಗುರಿ ಇಲ್ದೆ ಬುದ್ಧನೇ ಮನೆ ಬಿಡ್ತಿರ್ಲಿಲ್ಲ, ಆದ್ರೆ ಬಯಕೇಲಿ ಎರಡಿದೆ ನೋಡು, ಚೆನ್ನಾಗಿ ಈಜ್ಬೇಕು ಅನ್ನೋದನ್ನ ನಾವು ಛಂದ ಅಂತೀವಿ, ಮಾಡೋ ಕೆಲ್ಸದಲ್ಲೇ ಅದಕ್ಕೆ ತೃಪ್ತಿ, ಇನ್ನೊಬ್ಬ ಮುಳುಗ್ಬೇಕು ಅನ್ನೋದು ತೃಷ್ಣೆ, ಎಷ್ಟು ಉಣಿಸಿದ್ರೂ ಅದು ಎಲೆ ಬಿಟ್ಟು ಏಳಲ್ಲ, ನಿಂದು ಯಾವ್ದು? ಛಂದ ಎಂದೆ, ರೆಪ್ಪೆ ಅಲುಗಿಸದೆ. ಅವರು ನಕ್ಕರು, ಉಸಿರು ಎಣಿಸು ಎಂದರು. ಏಕಾಗ್ರತೆ ಏಕಾಗ್ರತೆಯೇ ತಾನೇ, ಕೊಕ್ಕರೆಯೂ ಒಂಟಿಕಾಲಲ್ಲಿ ಧ್ಯಾನ ಮಾಡುತ್ತದೆ, ಅದಕ್ಕೆ ಮೀನು ಸಿಗುವುದಿಲ್ಲವೇ. ಮೊನ್ನೆ ಅಕ್ಕ ಬೈದಳು, ಮಗೂನ ನಿದ್ದೆನಾದ್ರೂ ಮಾಡೋಕೆ ಬಿಡೇ, ಜ್ವರ ಇದ್ರೂ ನೀರಿಗೆ ತಳ್ತೀಯಲ್ಲ, ನಿಂಗೇನು ಹಿಡಿದಿದೆ — ಸೀಟಿ! ಹಾರಿದರು, ಮೊಮ್ಮಗಳು ಮುಂದೆ, ತೋಳು ಉದ್ದ ಅವಳದು, ಇರಲಿ, ಗೋಡೆಯ ಹತ್ತಿರ ತಿರುವಿನಲ್ಲಿ ನೋಡು, ಮಡಿಸು, ಒದೆ, ನಾನು ಕಲಿಸಿದ ಒದೆತ ಅದು, ಅವನ ಎದೆಗೇ ಒದ್ದಂತೆ ಒದೆ ಎಂದಿದ್ದೆ, ನನ್ನವಳು ಸಮ ಬಂದಳು, ದಾಟಿದಳು, ಮುಟ್ಟಿದಳು, ಗೆದ್ದಳು.

ಅವನು ಕೋಲೂರಿಕೊಂಡು ನನ್ನ ಕಡೆಗೇ ಬರುತ್ತಿದ್ದಾನೆ, ಬಾ, ಎಷ್ಟು ವರ್ಷದಿಂದ ನಾಲಿಗೆ ಮಸೆದು ಇಟ್ಟಿದ್ದೇನೆ — ಕೈಯನ್ನೇ ಹಿಡಿದುಕೊಂಡ. ಅಬ್ಬಾ, ಎಂಥಾ ತಿರುವು ಕಲ್ಸಿದೀರಮ್ಮ, ಎಲ್ಲಿ ಕಲ್ತಿದ್ದು? ಕಣ್ಣಲ್ಲಿ ನೆನಪಿನ ಒಂದು ಕಸವೂ ಇಲ್ಲ, ನಟನೆಯಲ್ಲ. ನಿಮ್ಮತ್ರಾನೇ ಎಂದೆ, ಎಮ್ಮೆ ಅಂತ ಓಡಿಸಿದ್ರಲ್ಲ. ಮುಖ ಅರಳಿತು ಅವನದು, ಹೌದಾ! ಎಲ್ರಿಗೂ ಅಂತಿದ್ದೆ ಕಣಮ್ಮ, ರೋಷ ಬಂದ್ರೆ ತಾನೇ ಈಜೋದು, ನೋಡು, ಕೆಲ್ಸ ಮಾಡ್ತು! ಮೊಮ್ಮಗಳನ್ನು ಕೂಗಿ ಕರೆಯುತ್ತಿದ್ದಾನೆ, ಬಾರೇ ಇಲ್ಲಿ, ನನ್ನ ಹಳೇ ಶಿಷ್ಯೆ ನೋಡು, ಗೆದ್ದಿದ್ದೂ ನಮ್ಮೋರೇ — ನಮ್ಮೋರೇ, ನನ್ನ ಇಷ್ಟು ವರ್ಷಗಳ ಹಗೆಯನ್ನೂ ತನ್ನ ಜೇಬಿಗೇ ಹಾಕಿಕೊಂಡ ಕಳ್ಳ, ನೂಕಿಬಿಡಲೇ, ಒಂದು ಬೆರಳು ಸಾಕು, ಕೋಲು ಸಮೇತ ನೀರಿಗೆ. ಕೆಳಗೆ ಯಾರೋ ನನ್ನ ಕಾಲು ಹಿಡಿದರು, ತಣ್ಣನೆಯ ಕೈ, ಅಕ್ಕನ ಮಗಳು, ಈಜಿನ ಕನ್ನಡಕ ಹಣೆಗೇರಿಸಿದ್ದಾಳೆ, ಕಣ್ಣಿನ ಸುತ್ತ ರಬ್ಬರು ಒತ್ತಿದ ಕೆಂಪು ಬಳೆಗಳು. ಚಿಕ್ಕಮ್ಮ, ಇವ್ರೇನಾ ಆ ಕೋಚ್? ಹೂಂ. ನಾನು ಗೆದ್ನಲ್ಲ, ಇನ್ನು ಸಾಕಾ? ಸಾಕು ಎನ್ನು, ಎರಡಕ್ಷರ ಅಲ್ಲವೇ, ಎನ್ನು — ಮುಂದಿನ ತಿಂಗಳು ಇನ್ನೂ ದೊಡ್ಡ ಸ್ಪರ್ಧೆ, ಅಲ್ಲೂ ಅವನು ಬರುತ್ತಾನೆ, ಅಲ್ಲಿ ಅವನ ಮುಖ ಬಾಡಿಸದೆ — ಎಲೆ ಬಿಟ್ಟು ಏಳದ್ದು ಅಂದರೆ ಇದೇನಾ — ಇವಳು ನಗುತ್ತಲೂ ಇಲ್ಲ, ಅಳುತ್ತಲೂ ಇಲ್ಲ, ನನ್ನ ಬಾಯನ್ನೇ ನೋಡುತ್ತಿದ್ದಾಳೆ, ಎರಡು ಕೆಂಪು ಬಳೆ, ಒಳಗೆ ಎರಡು ಕಣ್ಣು, ಇನ್ನು ಸಾಕಾ, ಕೆಂಪು ಬಳೆ, ಎರಡು ಕೆಂಪು ಬಳೆ